ತೋಟದ ಲೆಕ್ಕ, ಕನ್ನಡ ಟೈಪಿಂಗ್ ಎರಡಕ್ಕೂ ಆಗುವ ಮೆಕ್ಯಾನಿಕಲ್ ಕೀಬೋರ್ಡ್ ಯಾವುದು?

ಸಿದ್ದಾಪುರ ತೋಟದಾಫೀಸು:

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಬೆಳಿಗ್ಗೆಯಿಂದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಎಕ್ಸೆಲ್. ಕೊಯ್ಲು ಶುರುವಾದರೆ ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅನ್ನುವುದನ್ನು ದಿನಾ ಹಾಕಬೇಕು. ಬರೀ ಅಂಕಿ, ಅಂಕಿ, ಅಂಕಿ. ಸಂಜೆ ಮೇಲೆ ನಮ್ಮ ಸ್ತ್ರೀಶಕ್ತಿ ಸಂಘದ ನಡಾವಳಿ, ಅರ್ಜಿ, ನೋಟಿಸು ಎಲ್ಲ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಅದು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ.

ಈಗ ಇರುವುದು ಕಂಪ್ಯೂಟರ್ ಜೊತೆ ಬಂದ ಮಾಮೂಲಿ ಕೀಬೋರ್ಡ್. ಇಂಥವು ನಮ್ಮಲ್ಲಿ ಒಂದು ಮಳೆಗಾಲ ದಾಟಿದರೆ ಹೆಚ್ಚು. ಸೆಪ್ಟೆಂಬರ್ ಹೊತ್ತಿಗೆ ಯಾವುದಾದರೂ ಕೀ ಸತ್ತಿರುತ್ತದೆ, ಇಲ್ಲವೇ ಒತ್ತಿದರೆ ಮೇಲೆ ಬರುವುದಿಲ್ಲ. ಈ ಸಲ ಮಾಲೀಕರೇ ‘ಒಂದು ಗಟ್ಟಿಯಾದ್ದು ತರಿಸಿಕೊಳ್ಳಿ’ ಅಂದಿದ್ದಾರೆ. ಆರು ಸಾವಿರದವರೆಗೆ ಒಪ್ಪಿದ್ದಾರೆ.

ಪ್ರತಿ ಕೀ ಕೆಳಗೂ ಬೇರೆ ಸ್ವಿಚ್ಚು ಇರುವ ಮೆಕ್ಯಾನಿಕಲ್ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನೋಡಲು ಹೋದರೆ ಆ ಸ್ವಿಚ್ಚಿಗೆ ಬ್ಲೂ, ಬ್ರೌನ್, ರೆಡ್ ಅಂತ ಬಣ್ಣದ ಲೆಕ್ಕ. ಯಾವುದು ತೆಗೆದುಕೊಳ್ಳಲಿ? ಚಿಕ್ಕ ಸೈಜಿನ ಗುಲಾಬಿ ಬಣ್ಣದವು ತುಂಬಾ ಚೆನ್ನಾಗಿ ಕಾಣುತ್ತವೆ, ಮೇಜಿನ ಮೇಲೆ ಜಾಗವೂ ಉಳಿಯುತ್ತದೆ. ವೈರ್ ಇಲ್ಲದ್ದು ಒಳ್ಳೆಯದಾ? ಇನ್ನೊಂದು ವಿಷಯ: ಆಫೀಸು, ನಮ್ಮ ಕ್ವಾರ್ಟರ್ಸ್ ಎರಡೂ ಒಂದೇ ಕಟ್ಟಡ. ನಡುವೆ ಹಲಗೆ ಗೋಡೆ ಅಷ್ಟೇ. ಮಧ್ಯಾಹ್ನ ಅತ್ತೆ ಮಲಗುತ್ತಾರೆ. ಟಕಟಕ ಅಂತ ಸದ್ದು ಬಂದರೆ ಕಷ್ಟ. ಬಲಗೈ ಮಣಿಕಟ್ಟು ಸಂಜೆಯ ಹೊತ್ತಿಗೆ ನೋಯುತ್ತದೆ, ಅದಕ್ಕೂ ಏನಾದರೂ ಪ್ರಯೋಜನ ಆಗಬಹುದಾ?

ನಾನು ಟೈಪಿಂಗ್ ಕಲಿತದ್ದು ಹಳೇ ಟೈಪ್‌ರೈಟರ್ ಮೇಲೆ. ಬೆರಳು ಸ್ವಲ್ಪ ಜೋರು.


ಮಂಜಿನೂರು, ಮಡಿಕೇರಿ:

ಅಕ್ಕ, ನಾನು ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೋಡಿಂಗ್ ಕೆಲಸ ಮಾಡುತ್ತೇನೆ. ಶೇಕಡಾ 75 ಸೈಜಿನ ವೈರ್‌ಲೆಸ್ ಬೋರ್ಡ್, ರೆಡ್ ಸ್ವಿಚ್. ಬೆಣ್ಣೆಯ ಹಾಗೆ ಹೋಗುತ್ತದೆ. ಇದರಲ್ಲಿ ಬಲಗಡೆಯ ನಂಬರ್ ಪ್ಯಾಡ್ ಇಲ್ಲ, ಹಾಗಾಗಿ ಮೌಸ್ ಹತ್ತಿರ ಬರುತ್ತದೆ, ಬಲ ಭುಜ ಹೊರಗೆ ಚಾಚುವುದು ತಪ್ಪುತ್ತದೆ. ಕೈ ನೋವಿಗೆ ಅದೇ ಮದ್ದು. ಬ್ಲೂ ಮಾತ್ರ ಬೇಡ, ಅತ್ತೆಯವರು ಎದ್ದು ಬರುತ್ತಾರೆ. ಬಜೆಟ್ ಸ್ವಲ್ಪ ಏರಿಸಿದರೆ ಕೀಕ್ರಾನ್ ಕಂಪನಿಯದು ನೋಡಿ, ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.


ಗೋಣಿಕೊಪ್ಪ ಡಿಟಿಪಿ:

ಮೇಡಂ, ಕಣ್ಣು ಮುಚ್ಚಬೇಡಿ. ಮಡಿಕೇರಿ ತಮ್ಮ ಹೇಳಿದ್ದು ಅವರ ಕೆಲಸಕ್ಕೆ ಸರಿ. ಭುಜದ ವಿಷಯ ಹೇಳಿದ್ದೂ ಸರಿ. ಆದರೆ ದಿನವಿಡೀ ಕೆಜಿ ಲೆಕ್ಕ ಹಾಕುವವರಿಗೆ ನಂಬರ್ ಪ್ಯಾಡ್ ಇಲ್ಲದ ಬೋರ್ಡ್ ಕೊಡುವುದು ಅಂದರೇನು? ಮೇಲಿನ ಸಾಲಿನ ಅಂಕಿ ಒತ್ತಿ ಒತ್ತಿ ನೀವು ಒಂದೇ ಕೊಯ್ಲಿಗೆ ಅದನ್ನು ಎತ್ತಿಟ್ಟು ಹಳೆಯದನ್ನೇ ತರುತ್ತೀರಿ.

ನನ್ನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕರಪತ್ರ, ಕೋರ್ಟಿನ ಅರ್ಜಿ, ಸಹಕಾರ ಸಂಘದ ವರದಿ. ಮುಕ್ಕಾಲು ಪಾಲು ಕನ್ನಡ, ಅದೂ ನುಡಿಯಲ್ಲೇ. ಅದಕ್ಕೇ ಹೇಳುತ್ತಿದ್ದೇನೆ: ಸ್ವಿಚ್ಚಿನ ಬಣ್ಣವನ್ನು ಕೊನೆಗೆ ನೋಡೋಣ. ಮೊದಲು ನಿಮ್ಮ ಕೆಲಸ ಯಾವ ಯಾವ ಕೀ ಬೇಡುತ್ತದೆ ನೋಡಿ.

ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಲು ಯಾವುದನ್ನು ಒತ್ತುತ್ತೀರಿ? ಸ್ಕ್ರಾಲ್ ಲಾಕ್ ಅಲ್ವಾ. ಚಿಕ್ಕ ಬೋರ್ಡುಗಳಲ್ಲಿ ಮೊದಲು ಮಾಯವಾಗುವುದೇ ಆ ಕೀ. ವಿದೇಶದಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ತಯಾರಕರು ತೆಗೆದುಬಿಡುತ್ತಾರೆ. ಕೀಕ್ರಾನಿನ ಪೂರ್ತಿ ಸೈಜಿನ ಬೋರ್ಡುಗಳಲ್ಲೂ ಆ ಜಾಗದಲ್ಲಿ ಮೈಕು, ಲೈಟಿನ ಚಿತ್ರ ಇರುವ ಕೀಗಳಿವೆ, ಸ್ಕ್ರಾಲ್ ಲಾಕ್ ಅನ್ನುವ ಹೆಸರು ಕಾಣುವುದಿಲ್ಲ. ಯೂಟ್ಯೂಬಿನಲ್ಲಿ ಕೀಬೋರ್ಡ್ ಪರೀಕ್ಷೆ ಮಾಡುವವರಿಗೆ ಇದು ಹೊಳೆಯುವುದೂ ಇಲ್ಲ. ನಮ್ಮಂಥವರಿಗೆ ಮಾತ್ರ, ಪೆಟ್ಟಿಗೆ ಬಿಚ್ಚಿದ ಮೇಲೆ ಗೊತ್ತಾಗುತ್ತದೆ.

ಎರಡನೆಯದು ಶಿಫ್ಟ್. ನುಡಿಯ ಕೀ ಜೋಡಣೆ ಕೆ.ಪಿ. ರಾವ್ ಅವರು ರೂಪಿಸಿದ್ದು, ಸರ್ಕಾರ ಒಪ್ಪಿಕೊಂಡದ್ದು. ಅದರಲ್ಲಿ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಳ ಮತ್ತು ಣಕ್ಕೂ ಶಿಫ್ಟ್. ‘ಕಾಳುಮೆಣಸು’ ಅಂತ ಹೊಡೆದು ನೋಡಿ. ಮೂರು ಸಲ ಶಿಫ್ಟ್ ಹಿಡಿಯಬೇಕು. ಇಂಗ್ಲಿಷಿನವರು ವಾಕ್ಯಕ್ಕೊಂದು ಸಲ ಹಿಡಿದರೆ ನಾವು ಪದಕ್ಕೊಂದು ಸಲ. ಕಿರುಬೆರಳಿಗೆ ಎಷ್ಟು ಕೆಲಸ! ಕೆಲವು ಚಿಕ್ಕ ಬೋರ್ಡುಗಳಲ್ಲಿ ಬಾಣದ ಕೀಗಳಿಗೆ ಜಾಗ ಮಾಡಲು ಬಲಗಡೆಯ ಶಿಫ್ಟನ್ನು ಗಿಡ್ಡ ಮಾಡಿರುತ್ತಾರೆ. ಅದರ ಮೇಲೆ ಕನ್ನಡ ಹೊಡೆಯುವುದು ಶಿಕ್ಷೆ. ಶಿಫ್ಟ್ ಎರಡೂ ಕಡೆ ಪೂರ್ತಿ ಉದ್ದ ಇರಲಿ.

ಮೂರನೆಯದು ಎಫ್. ಒತ್ತಕ್ಷರಕ್ಕೆಲ್ಲ ಎಫ್ ಬೇಕಲ್ಲ. ‘ಕೊಟ್ಟಿದ್ದೇನೆ’ ಅನ್ನಲು ಎರಡು ಸಲ. ನನ್ನ ಅಂಗಡಿಯ ಹಳೇ ಬೋರ್ಡಿನಲ್ಲಿ ಎಫ್ ಕೀ ಮೇಲೆ ಅಕ್ಷರವೇ ಉಳಿದಿಲ್ಲ, ಮೇಲ್ಮೈ ಕನ್ನಡಿಯಾಗಿದೆ. ಅದು ಎಬಿಎಸ್ ಪ್ಲಾಸ್ಟಿಕ್. ಬೆರಳಿನ ಎಣ್ಣೆ, ಉಜ್ಜಾಟಕ್ಕೆ ಎಬಿಎಸ್ ಬೇಗ ನುಣುಪಾಗಿ ಹೊಳೆಯುತ್ತದೆ. ಪಿಬಿಟಿ ಅಂತ ಇನ್ನೊಂದು ಪ್ಲಾಸ್ಟಿಕ್ ಇದೆ, ಸ್ವಲ್ಪ ತರಿತರಿ, ಬಾಳಿಕೆ ಜಾಸ್ತಿ. ಅಕ್ಷರ ಮೇಲೆ ಬರೀ ಬಣ್ಣದಲ್ಲಿ ಮುದ್ರಿಸಿದ್ದಾ ಅಥವಾ ‘ಡಬಲ್ ಶಾಟ್’ ಅಂತ ಎರಡು ಪ್ಲಾಸ್ಟಿಕ್ ಸೇರಿಸಿ ಅಚ್ಚು ಹಾಕಿದ್ದಾ ಕೇಳಿ. ಡಬಲ್ ಶಾಟ್ ಆದರೆ ಅಕ್ಷರ ಅಳಿಸುವ ಪ್ರಶ್ನೆಯೇ ಇಲ್ಲ.

ಟ್ಯಾಲಿಗೆ ಎಫ್5 ಪೇಮೆಂಟು, ಎಫ್6 ರಸೀದಿ, ಎಫ್7 ಜರ್ನಲ್. ನಿಮಗೆ ನಾನು ಹೇಳಬೇಕಾಗಿಲ್ಲ. ಆ ಮೇಲಿನ ಸಾಲು ಇಲ್ಲದ ಶೇಕಡಾ 60, 65ರ ಬೋರ್ಡುಗಳಲ್ಲಿ ಪ್ರತಿ ಸಲ ಎಫ್‌ಎನ್ ಜೊತೆ ಸೇರಿಸಿ ಒತ್ತಬೇಕು. ಗುಲಾಬಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬೇಡ.

ಇಷ್ಟಾದ ಮೇಲೆ ಸ್ವಿಚ್ಚಿನ ಬಣ್ಣ. ಚೆರ್ರಿ ಅಂತ ಜರ್ಮನಿಯ ಕಂಪನಿ, ನಮ್ಮ ರೊಬಸ್ಟಾ ಚೆರ್ರಿ ಅಲ್ಲ. ಅವರ ಎಂಎಕ್ಸ್ ಸ್ವಿಚ್ಚು 1980ರ ದಶಕದಿಂದ ಇದೆ. ಪೇಟೆಂಟ್ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅದೇ ಅಳತೆಯಲ್ಲಿ ಮಾಡುತ್ತಿವೆ. ಬಣ್ಣದ ಹೆಸರುಗಳನ್ನೂ ಹೆಚ್ಚುಕಮ್ಮಿ ಹಾಗೇ ಇಟ್ಟುಕೊಂಡಿದ್ದಾರೆ. ರೆಡ್ ಅಂದರೆ ನೇರವಾಗಿ ಇಳಿಯುತ್ತದೆ, ಸುಮಾರು 45 ಗ್ರಾಂ ಒತ್ತಡ. ಬ್ರೌನ್ ಅಂದರೆ ನಡುವೆ ಸಣ್ಣ ತಡೆ ಬೆರಳಿಗೆ ಸಿಗುತ್ತದೆ, ಸುಮಾರು 55. ಬ್ಲೂ ಅಂದರೆ ತಡೆಯ ಜೊತೆ ಟಿಕ್ ಅನ್ನುವ ಸದ್ದು, ಸುಮಾರು 60. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ ಅರ್ಧ ದಾರಿಯಲ್ಲೇ ಅಕ್ಷರ ಬಿದ್ದಾಗಿರುತ್ತದೆ. ಈಗ ನಿಮ್ಮಲ್ಲಿರುವಂಥ ಮಾಮೂಲಿ ರಬ್ಬರ್ ಕೀಬೋರ್ಡಿನಲ್ಲಿ ತಳದವರೆಗೆ ಗುದ್ದಬೇಕು. ಮೆಕ್ಯಾನಿಕಲ್‌ನಲ್ಲಿ ಗುದ್ದಬೇಕಾಗಿಲ್ಲ, ಬೆರಳಿಗೆ ಆಯಾಸ ಕಡಿಮೆ ಆಗುವುದು ಅದಕ್ಕೇ.

ಟೈಪ್‌ರೈಟರ್ ಕೈ ಅಂದಿರಲ್ಲ. ಹಾಗಾದರೆ ರೆಡ್ ನಿಮಗೆ ಆಗುವುದಿಲ್ಲ. ಬೆರಳು ಸುಮ್ನೆ ಇಟ್ಟರೂ ಅಕ್ಷರ ಬೀಳುತ್ತದೆ, ತಪ್ಪು ಜಾಸ್ತಿ. ಬ್ಲೂ ನಿಮ್ಮ ಕೈಗೆ ಹೇಳಿ ಮಾಡಿಸಿದ್ದು, ಆದರೆ ಹಲಗೆ ಗೋಡೆಗೆ ಅಲ್ಲ. ಜುಲೈಯಲ್ಲಿ ಮಾಡಿನ ಮೇಲೆ ಮಳೆ ಹೊಡೆಯುವಾಗ ಬ್ಲೂ ಸದ್ದು ಯಾರಿಗೂ ಕೇಳಿಸುವುದಿಲ್ಲ ಅನ್ನುವುದು ಬೇರೆ ಮಾತು. ವರ್ಷದ ಉಳಿದ ದಿನಗಳಿಗೆ ಬ್ರೌನ್ ತೆಗೆದುಕೊಳ್ಳಿ.


ಸೋಲ್ಡರಿಂಗ್, ಕುಶಾಲನಗರ:

ಡಿಟಿಪಿ ಅಣ್ಣ ಸದ್ದು ಬೇಡ ಅಂದರು, ಆದರೂ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಹೆಸರು ಹೇಳದೆ ಈ ಚರ್ಚೆ ಮುಗಿಯಬಾರದು. ನಮ್ಮ ಜಿಲ್ಲೆಗೆ ರೈಲು ಬಂದಿಲ್ಲ, ಆದರೆ ಮೈಸೂರಿಗೆ ಹೋದವರು ಟಿಕೆಟ್ ಕೌಂಟರಿನಲ್ಲಿ ಆ ಸದ್ದು ಕೇಳಿಯೇ ಇರುತ್ತೀರಿ. ಕಂಪನಿಯ ಕಾರ್ಖಾನೆ ನಮ್ಮ ತುಮಕೂರಿನಲ್ಲೇ ಇದೆ. ತೋಟದ ಹಳೇ ಜೀಪಿನ ಥರ ಅದು. ಸದ್ದು ಜಾಸ್ತಿ, ಅಂದ ಕಡಿಮೆ, ಬಿಟ್ಟು ಓಡುವುದಿಲ್ಲ. ಪೂರ್ತಿ 104 ಕೀ, ಸ್ಕ್ರಾಲ್ ಲಾಕ್ ಜಾಗದಲ್ಲೇ ಇದೆ, ದರವೂ ನಿಮ್ಮ ಬಜೆಟ್ಟಿನ ಅರ್ಧದ ಆಸುಪಾಸು. ಒಂದೇ ತೊಂದರೆ, ಅತ್ತೆ.

ನಾನು ಹೇಳಬೇಕಾದ್ದು ಮಳೆಗಾಲದ ವಿಷಯ. ನನ್ನ ಬೆಂಚಿಗೆ ಜುಲೈ ಆಗಸ್ಟಿನಲ್ಲಿ ಬರುವ ಕೀಬೋರ್ಡುಗಳಲ್ಲಿ ಎರಡೇ ಥರದ ಕಾಯಿಲೆ. ರಬ್ಬರಿನದಾದರೆ ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದರ ಮೇಲೆ ಮುದ್ರಿಸಿದ ಗೆರೆಗಳೇ ವೈರು. ತೇವ ಸೇರಿ ಆ ಗೆರೆ ಕಪ್ಪಾದರೆ ಒಂದೇ ಸಾಲಿನ ಕೀಗಳು ಒಟ್ಟಿಗೆ ಸಾಯುತ್ತವೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಹೊಸದು ತರುವುದು ಅಗ್ಗ. ಮೆಕ್ಯಾನಿಕಲ್ ಆದರೆ ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ಚು. ಒಂದು ಕೆಟ್ಟರೆ ಒಂದೇ ಕೆಡುತ್ತದೆ. ಕಾಯಿಲೆಯ ಲಕ್ಷಣ ಏನೆಂದರೆ ಒಂದು ಸಲ ಒತ್ತಿದರೆ ಅಕ್ಷರ ಎರಡು ಬೀಳುವುದು. ಒಳಗಿನ ಲೋಹದ ಎಲೆಗಳು ಮುಟ್ಟುವ ಜಾಗದಲ್ಲಿ ಕೊಳೆ ಅಥವಾ ತುಕ್ಕು ಕೂತಿದೆ ಅಂತ ಅರ್ಥ. ಲೆಕ್ಕದವರಿಗೆ ಇದು ಅಪಾಯ: 5 ಒತ್ತಿದರೆ 55 ಬಿದ್ದಿರುತ್ತದೆ. ಚೆರ್ರಿಯವರು ಆ ಜಾಗಕ್ಕೆ ಚಿನ್ನದ ಮಿಶ್ರಲೋಹ ಹಾಕುತ್ತಾರೆ, ಚಿನ್ನಕ್ಕೆ ತುಕ್ಕಿಲ್ಲ.

ಅದಕ್ಕೇ ಹಾಟ್‌ಸ್ವಾಪ್ ಇರುವುದನ್ನೇ ತೆಗೆದುಕೊಳ್ಳಿ ಮೇಡಂ. ಹಾಟ್‌ಸ್ವಾಪ್ ಅಂದರೆ ಸ್ವಿಚ್ಚನ್ನು ಬೆಸುಗೆ ಹಾಕಿರುವುದಿಲ್ಲ, ಸಾಕೆಟ್ಟಿನಲ್ಲಿ ಕೂರಿಸಿರುತ್ತಾರೆ. ಚಿಮಟದಂಥ ಒಂದು ಸಾಧನ ಬಾಕ್ಸಿನಲ್ಲೇ ಕೊಡುತ್ತಾರೆ. ಕೆಟ್ಟದ್ದನ್ನು ಕಿತ್ತು ಹೊಸದನ್ನು ಒತ್ತಿದರೆ ಆಯ್ತು, ಕುಶಾಲನಗರಕ್ಕೆ ಬರುವ ಕೆಲಸ ಇಲ್ಲ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ. ಸ್ವಿಚ್ಚಿಗೆ ಮೂರು ಪಿನ್ನಿನದು, ಐದು ಪಿನ್ನಿನದು ಅಂತ ಎರಡಿದೆ. ಬೋರ್ಡ್ ಐದು ಪಿನ್ನಿನದಾದರೆ ಎರಡೂ ಕೂರುತ್ತವೆ. ಹತ್ತು ಸ್ವಿಚ್ಚು ಬಿಡಿಯಾಗಿ ತರಿಸಿ, ಗಾಜಿನ ಬಾಟಲಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟುಬಿಡಿ.

ವೈರ್ ಬಿಚ್ಚಿ ಹಾಕುವಂಥದ್ದಿರಲಿ, ಟೈಪ್ ಸಿ. ತೋಟದ ಮನೆಗಳಲ್ಲಿ ಇಲಿ ಇಲ್ಲದ್ದು ಯಾವುದು? ಬೋರ್ಡಿಗೇ ಅಂಟಿಕೊಂಡ ವೈರನ್ನು ಇಲಿ ಕಡಿದರೆ ಬಿಚ್ಚಿ ಬೆಸುಗೆ ಹಾಕಬೇಕು. ಬಿಚ್ಚುವಂಥದ್ದಾದರೆ ಸಿದ್ದಾಪುರದ ಮೊಬೈಲ್ ಅಂಗಡಿಯಲ್ಲೇ ಬೇರೆ ಸಿಗುತ್ತದೆ, ಆದರೆ ಡೇಟಾ ಹೋಗುವ ಕೇಬಲ್ ಅಂತ ಕೇಳಿ ತನ್ನಿ. ಬರೀ ಚಾರ್ಜಿಂಗ್ ಕೇಬಲ್ಲಿಗೆ ಕೀಬೋರ್ಡ್ ಓಡುವುದಿಲ್ಲ.

ವೈರ್‌ಲೆಸ್ ನಿಮಗೆ ಏಕೆ? ಮೇಜು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬ್ಯಾಟರಿಗೆ ವಯಸ್ಸಾಗುತ್ತದೆ, ವೈರಿಗೆ ಆಗುವುದಿಲ್ಲ.


ಮಂಜಿನೂರು, ಮಡಿಕೇರಿ:

ಸ್ಕ್ರಾಲ್ ಲಾಕ್ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾನು ಕನ್ನಡವನ್ನು ಫೋನಿನಲ್ಲಷ್ಟೇ ಬರೆಯುವುದು. ಆದರೆ ಅದಕ್ಕೆ ದಾರಿ ಇದೆ. ಕ್ಯೂಎಂಕೆ ಅಥವಾ ವಯಾ ಅಂತ ಬರೆದಿರುವ ಬೋರ್ಡುಗಳಲ್ಲಿ ಯಾವ ಕೀಗೆ ಯಾವ ಕೆಲಸ ಬೇಕಾದರೂ ಕೊಡಬಹುದು. ಬ್ರೌಸರಿನಲ್ಲೇ ವಯಾ ತೆರೆದು, ಆ ಮೈಕ್ ಚಿತ್ರದ ಕೀ ಮೇಲೆ ಕ್ಲಿಕ್ ಮಾಡಿ, ಪಟ್ಟಿಯಿಂದ ಸ್ಕ್ರಾಲ್ ಲಾಕ್ ಆರಿಸಿದರೆ ಆಯ್ತು. ಅದು ಕೀಬೋರ್ಡಿನೊಳಗೇ ಉಳಿಯುತ್ತದೆ, ಬೇರೆ ಕಂಪ್ಯೂಟರಿಗೆ ಹಾಕಿದರೂ ಇರುತ್ತದೆ. ಕೀಕ್ರಾನ್ ವಿ6 ಅಂಥದ್ದು: ಪೂರ್ತಿ ಸೈಜು, ವೈರಿನದು, ಹಾಟ್‌ಸ್ವಾಪ್, ಪಿಬಿಟಿ. ಆರು ಸಾವಿರಕ್ಕೆ ಸಿಗುವುದು ಕಷ್ಟ, ಮಾಲೀಕರನ್ನು ಇನ್ನೊಂದು ಮಾತು ಕೇಳಿ ನೋಡಿ ಅಕ್ಕ. ಬೋರ್ಡಿನ ಅಂಚಿನಲ್ಲಿ ಮ್ಯಾಕ್, ವಿಂಡೋಸ್ ಅಂತ ಒಂದು ಜಾರುವ ಬಟನ್ ಇರುತ್ತದೆ. ವಿಂಡೋಸ್ ಕಡೆ ಇಡಿ. ಇಲ್ಲದಿದ್ದರೆ ಎಫ್5 ಒತ್ತಿದಾಗ ಟ್ಯಾಲಿ ಬದಲು ಬೇರೇನೋ ಆಗುತ್ತದೆ.


ಸಿದ್ದಾಪುರ ತೋಟದಾಫೀಸು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಲಾಬಿ ಬಣ್ಣದ್ದು ಕೈಬಿಟ್ಟೆ. ಮಾಲೀಕರು ಹೆಚ್ಚಿಗೆ ದುಡ್ಡಿಗೆ ‘ಮೆಣಸಿನ ರೇಟು ನೋಡೋಣ’ ಅಂದಿದ್ದಾರೆ, ಅಂದರೆ ಇಲ್ಲ ಅಂತಲೇ. ಆರು ಸಾವಿರದೊಳಗೆ ಪೂರ್ತಿ ಸೈಜು, ಬ್ರೌನ್, ಹಾಟ್‌ಸ್ವಾಪ್ ಇರುವ ಬೇರೆ ಬೇರೆ ಹೆಸರಿನವು ಕಾಣುತ್ತಿವೆ. ಎಲ್ಲದರಲ್ಲೂ ಕಾಮನಬಿಲ್ಲಿನ ಹಾಗೆ ಲೈಟು. ಅದು ಬೇಕಾ? ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಬಹುದಾ? ನನಗೆ ಬೇಡ, ಆದರೆ ಸಂಘದ ಇನ್ನೊಬ್ಬರು ಕಲಿಯುತ್ತಿದ್ದಾರೆ. ಮತ್ತೆ ಕೈ ನೋವಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ.


ಗೋಣಿಕೊಪ್ಪ ಡಿಟಿಪಿ:

ಲೈಟು ಬೇಕು ಅಂತೇನಿಲ್ಲ, ಆದರೆ ಕರೆಂಟ್ ಹೋದಾಗ ಉಪಯೋಗಕ್ಕೆ ಬರುತ್ತದೆ. ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ, ರೂಮು ಕತ್ತಲೆ. ಬೆಳ್ಳಗಿನ ಒಂದೇ ಲೈಟು ಸಾಕು, ಕುಣಿಯುವುದನ್ನು ನಿಲ್ಲಿಸಿಬಿಡಿ. ಕೀ ಮೇಲಿನ ಅಕ್ಷರದ ಮೂಲಕ ಬೆಳಕು ಹೊರಗೆ ಬರುತ್ತದೆಯಾ ನೋಡಿಕೊಳ್ಳಿ. ಪಿಬಿಟಿಯ ಎಷ್ಟೋ ಬೋರ್ಡುಗಳಲ್ಲಿ ಬರುವುದಿಲ್ಲ, ಲೈಟು ಕೀಗಳ ಸಂದಿಯಲ್ಲಿ ಸುಮ್ನೆ ಉರಿಯುತ್ತದೆ. ಎರಡರಲ್ಲಿ ಒಂದು ಆರಿಸಬೇಕಾದರೆ ನಾನು ಪಿಬಿಟಿ ಕಡೆ. ಬೆರಳಿಗೆ ಕೀ ಗೊತ್ತಿರುವವರಿಗೆ ಬೆಳಕು ಏಕೆ?

ಸ್ಟಿಕ್ಕರ್ ಬೇಡ. ಮಳೆಗಾಲದಲ್ಲಿ ಅಂಟು ಬಿಡುತ್ತದೆ, ಅಂಚಿನಲ್ಲಿ ಕೊಳೆ ಕೂರುತ್ತದೆ. ತರಿತರಿಯಾದ ಪಿಬಿಟಿ ಮೇಲೆ ಮೊದಲೇ ಸರಿಯಾಗಿ ಹಿಡಿಯುವುದಿಲ್ಲ. ಕಲಿಯುವವರಿಗೆ ನುಡಿಯ ಕೀಗಳ ಚಿತ್ರವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಮಾನಿಟರಿನ ಕೆಳಗೆ ಅಂಟಿಸಿ. ಕೀ ನೋಡಿ ಹೊಡೆಯುವ ಅಭ್ಯಾಸವೇ ಬರುವುದಿಲ್ಲ. ಅವರಿಗೆ ಇನ್ನೊಂದು ಹೇಳಿಬಿಡಿ: ಶಿಫ್ಟನ್ನು ಐದು ಸಲ ಸತತ ಒತ್ತಿದರೆ ವಿಂಡೋಸ್ ‘ಸ್ಟಿಕಿ ಕೀಸ್ ಬೇಕಾ’ ಅಂತ ಕೇಳುತ್ತದೆ. ಹೊಸಬರು ಹೌದು ಅಂದುಬಿಡುತ್ತಾರೆ, ಆಮೇಲೆ ಕೀಬೋರ್ಡ್ ಕೆಟ್ಟಿದೆ ಅಂತ ನನ್ನ ಅಂಗಡಿಗೆ ಬರುತ್ತಾರೆ. ಸೆಟ್ಟಿಂಗ್ಸಿನಲ್ಲಿ ಆ ಶಾರ್ಟ್‌ಕಟ್ ಆಫ್ ಮಾಡಿ ಇಡಿ.

ಕೈ ನೋವು. ಇದರಲ್ಲಿ ಕೀಬೋರ್ಡಿಗಿಂತ ಮೇಜಿನ ಪಾಲು ಜಾಸ್ತಿ. ನಿಮ್ಮ ಆಫೀಸಿನಲ್ಲಿರುವುದು ಹಳೇ ಬೀಟೆ ಮರದ ಬರೆಯುವ ಮೇಜು ಇರಬೇಕು, ತೋಟಗಳಲ್ಲಿ ಹೆಚ್ಚಾಗಿ ಅದೇ. ಅವು ಪೆನ್ನಿನಲ್ಲಿ ಬರೆಯಲು ಮಾಡಿದ ಎತ್ತರ. ಅದರ ಮೇಲೆ ಮೆಕ್ಯಾನಿಕಲ್ ಇಟ್ಟರೆ ಇನ್ನೂ ಎತ್ತರ, ಏಕೆಂದರೆ ಇವುಗಳ ಮೈಯೇ ದಪ್ಪ. ಕುರ್ಚಿ ಏರಿಸಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಕಾಲು ನೆಲಕ್ಕೆ ಸಿಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಕೀಬೋರ್ಡಿನ ಹಿಂದಿನ ಎರಡು ಕಾಲುಗಳನ್ನು ಎತ್ತಿ ನಿಲ್ಲಿಸಬೇಡಿ, ಮಡಚಿಯೇ ಇರಲಿ. ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ನೋವು ಬರುವುದು ಅಲ್ಲಿಂದಲೇ. ಕೈ ಇಡಲು ಮರದ ಪಟ್ಟಿ ಬರುತ್ತದೆ, ನಿಮ್ಮ ತೋಟಕ್ಕೆ ಬರುವ ಬಡಗಿಯೇ ಮಾಡಿಕೊಡುತ್ತಾನೆ. ಅದನ್ನು ಟೈಪ್ ಮಾಡುವಾಗ ಊರಲು ಅಲ್ಲ, ನಡುನಡುವೆ ಕೈ ಇಳಿಸಲು. ಮೌಸಿಗೆ ಕೈ ಚಾಚುವ ತೊಂದರೆಗೆ ಮೌಸನ್ನು ಎಡಗೈಗೆ ಕೊಡಿ. ಬಲಗೈ ನಂಬರ್ ಪ್ಯಾಡಿನಲ್ಲೇ ಇರಲಿ. ಮೊದಲ ವಾರ ಬೈದುಕೊಳ್ಳುತ್ತೀರಿ, ಆಮೇಲೆ ಅಭ್ಯಾಸ ಆಗುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ, ಅದಕ್ಕೆ ಯಾವ ಕೀಬೋರ್ಡೂ ಮದ್ದಲ್ಲ.

ಸಾಧ್ಯವಾದರೆ ಕೊಳ್ಳುವ ಮೊದಲು ಒಮ್ಮೆ ಕೈಯಿಟ್ಟು ನೋಡಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಬ್ರೌನ್, ಬ್ಲೂ ಎರಡೂ ಒತ್ತಿ ನೋಡಬಹುದು. ಒಂದು ಕಂಪನಿಯ ಬ್ರೌನ್ ಇನ್ನೊಂದರ ಹಾಗಿರುವುದಿಲ್ಲ.


ಸೋಲ್ಡರಿಂಗ್, ಕುಶಾಲನಗರ:

ಒಂದು ಸೇರಿಸುತ್ತೇನೆ. ಮೇಜಿನ ಮೇಲೆ ಬೆಲ್ಲದ ಕಾಫಿ ಇಡಬೇಡಿ ಅಂದರೆ ಕೊಡಗಿನಲ್ಲಿ ಯಾರು ಕೇಳುತ್ತಾರೆ. ಚೆಲ್ಲಿದರೆ ಮೊದಲು ವೈರ್ ಕೀಳಿ, ಆಮೇಲೆ ಬೋರ್ಡ್ ಬೋರಲು ಹಾಕಿ. ಒರೆಸುವುದು ಮೂರನೆಯ ಕೆಲಸ. ಕೀ ಮುಚ್ಚಳಗಳನ್ನು ಕಿತ್ತು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕೀಳುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬೆಲ್ಲ ಇಳಿದ ಸ್ವಿಚ್ಚನ್ನು ತೊಳೆಯಲು ಹೋಗಬೇಡಿ, ಕಿತ್ತು ಬಾಟಲಿಯಿಂದ ಹೊಸದು ಹಾಕಿ. ಬೆಲ್ಲ ಉಳಿದರೆ ಎರಡನೆಯ ದಿನ ಇರುವೆ ಸಾಲು ಬರುತ್ತದೆ. ಮಳೆಗಾಲದಲ್ಲಿ ರಾತ್ರಿ ಬಟ್ಟೆ ಮುಚ್ಚಬೇಡಿ, ಬಟ್ಟೆಯೇ ತೇವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಒಳಗೆ ಸಿಲಿಕಾ ಜೆಲ್.


ಸಿದ್ದಾಪುರ ತೋಟದಾಫೀಸು:

ಆರ್ಡರ್ ಮಾಡಿದೆ. ಪೂರ್ತಿ ಸೈಜು, ಬ್ರೌನ್, ಹಾಟ್‌ಸ್ವಾಪ್, ಐದು ಪಿನ್ನು, ವೈರ್ ಬಿಚ್ಚುವಂಥದ್ದು. ಚಿತ್ರ ದೊಡ್ಡದು ಮಾಡಿ ನೋಡಿದೆ, ಸ್ಕ್ರಾಲ್ ಲಾಕ್ ಬರೆದಿದೆ. ಬಿಡಿ ಸ್ವಿಚ್ಚು ಹತ್ತು ಸೇರಿಸಿಯೂ ಬಜೆಟ್ ಒಳಗೇ ಇದೆ. ಮೇಜು ಬೀಟೆಯದೇ, ಅಣ್ಣನಿಗೆ ಹೇಗೆ ಗೊತ್ತಾಯಿತೋ!


ಗೋಣಿಕೊಪ್ಪ ಡಿಟಿಪಿ:

ಬಂದ ದಿನವೇ ಬಿಚ್ಚಿ. ವಾಪಸ್ ಕೊಡುವ ಅವಧಿ ನಮ್ಮ ಕಡೆ ಕೊರಿಯರ್ ಓಡಾಟದಲ್ಲೇ ಅರ್ಧ ಮುಗಿದಂತೆ ಇರುತ್ತದೆ. ಕೀ ಪರೀಕ್ಷೆ ಮಾಡುವ ವೆಬ್‌ಸೈಟುಗಳಿವೆ, ಅದರಲ್ಲಿ ಪ್ರತಿ ಕೀ ಒಮ್ಮೆ ಒತ್ತಿ. ಆಮೇಲೆ ನುಡಿ ತೆರೆದು ಒಂದು ಪೂರ್ತಿ ನಡಾವಳಿ ಹೊಡೆಯಿರಿ. ಎರಡು ಶಿಫ್ಟ್, ಎಫ್, ಸ್ಪೇಸ್, ನಂಬರ್ ಪ್ಯಾಡಿನ ಎಂಟರ್, ಈ ಐದು ಸರಿ ಇದ್ದರೆ ಇಟ್ಟುಕೊಳ್ಳಿ. ಸ್ಪೇಸ್‌ಬಾರ್ ಒಂದು ತುದಿಯಲ್ಲಿ ಒತ್ತಿದಾಗ ಗಡಗಡ ಅಂದರೆ ಅದು ಕೆಟ್ಟದ್ದಲ್ಲ, ಕೆಳಗಿನ ತಂತಿಗೆ ಗ್ರೀಸ್ ಕಡಿಮೆ ಅಷ್ಟೇ. ಆ ಸದ್ದು ಅತ್ತೆಯವರಿಗೆ ಕೇಳಿಸಿದರೆ ಕುಶಾಲನಗರದವರನ್ನು ಕೇಳಿ, ಅವರ ಹತ್ತಿರ ಗ್ರೀಸ್ ಇರುತ್ತದೆ.